ಕಿಟ್‌ನಲ್ಲಿ ಎರಡು ಗೆರೆ ಬಂದರೆ ಏನರ್ಥ?

ತಾಂಜಾನಿಯಾದ ಯಾವುದೋ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಂದೇ ಬೆಳಿಗ್ಗೆ ಮೂರು ಜನ ಜ್ವರ ಅಂತ ಬಂದರು ಎಂದಿಟ್ಟುಕೊಳ್ಳಿ. ಅಮ್ಮನ ಸೊಂಟದ ಮೇಲೆ ಎರಡೂವರೆ ವರ್ಷದ ಮಗು. ಅದೇ ಊರಿನ ನಲವತ್ತು ವರ್ಷದ ರೈತ. ಮೂರನೆಯವನು ಮೂರು ವಾರದ ಹಿಂದೆ ಬೆಂಗಳೂರಿನಿಂದ ಕೆಲಸಕ್ಕೆ ಬಂದ ಎಂಜಿನಿಯರ್. ನರ್ಸ್ ಮೂವರ ಬೆರಳನ್ನೂ ಚುಚ್ಚಿ, ಒಂದೊಂದು ಹನಿ ರಕ್ತ ತೆಗೆದು ಮಲೇರಿಯಾ ಕಿಟ್‌ಗೆ ಹಾಕಿದರು. ಕಾಲು ಗಂಟೆ ಕಳೆಯಿತು. ಮೂರೂ ಕಿಟ್‌ನಲ್ಲಿ ಎರಡು ಗೆರೆ. ಮೂವರೂ ಪಾಸಿಟಿವ್.

ಮಗುವಿನ ವಿಷಯದಲ್ಲಿ ಯೋಚಿಸುತ್ತಾ ಕೂರುವಂತಿಲ್ಲ. ಆ ವಯಸ್ಸಿನಲ್ಲಿ ಮಲೇರಿಯಾ ಮಿದುಳಿಗೆ ಏರಬಹುದು, ರಕ್ತ ತೀರಾ ಕಡಿಮೆಯಾಗಿ ಉಸಿರಾಟಕ್ಕೇ ಕಷ್ಟವಾಗಬಹುದು. ಎಂಜಿನಿಯರ್‌ಗೂ ಅಷ್ಟೇ ಅವಸರ. ಅವನ ಮೈ ಮಲೇರಿಯಾ ತರುವ ಪರಾವಲಂಬಿಯನ್ನು ಹಿಂದೆಂದೂ ಕಂಡಿಲ್ಲ. ರೈತನ ಕಥೆ ಬೇರೆ. ಮಲೇರಿಯಾ ಜಾಸ್ತಿ ಇರುವ ಊರಲ್ಲಿ ಹುಟ್ಟಿ ಬೆಳೆದವರ ರಕ್ತದಲ್ಲಿ ಪರಾವಲಂಬಿ ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡಬಹುದು. ಅವರು ಹೊಲಕ್ಕೆ ಹೋಗುತ್ತಾರೆ, ಸಂತೆಗೆ ಹೋಗುತ್ತಾರೆ, ಏನೂ ಗೊತ್ತಾಗುವುದಿಲ್ಲ. ಇವತ್ತಿನ ಜ್ವರ ಅವನಿಗೆ ನ್ಯುಮೋನಿಯಾದಿಂದ ಬಂದಿರಬಹುದು. ಕಿಟ್ ಸುಳ್ಳು ಹೇಳಿಲ್ಲ, ಅವನ ರಕ್ತದಲ್ಲಿ ಮಲೇರಿಯಾ ಇರುವುದು ನಿಜ. ಆದರೆ ಅವನನ್ನು ಮಲಗಿಸಿದ್ದು ಅದೇನಾ ಅನ್ನುವುದು ಕಿಟ್‌ಗೆ ಗೊತ್ತಿಲ್ಲ. ಮಾತ್ರೆ ಕೊಡಲೇಬೇಕು, ಸರಿ. ಅಷ್ಟಕ್ಕೇ ಬಿಟ್ಟರೆ ನ್ಯುಮೋನಿಯಾ ಹಾಗೇ ಉಳಿಯುತ್ತದೆ.

ಆಫ್ರಿಕಾದಲ್ಲಿ ನಡೆಯುತ್ತಿರುವ ಸೋಂಕುರೋಗ ಸಂಶೋಧನೆ ಯಾಕೆ ಅಷ್ಟು ಮುಖ್ಯ ಎಂದು ಕೇಳಿದರೆ ನಾನು ಈ ಮೂರು ಕಿಟ್‌ಗಳನ್ನು ತೋರಿಸುತ್ತೇನೆ. ಟೆಸ್ಟ್ ಅನ್ನುವುದು ರಕ್ತದಲ್ಲೋ ಕಫದಲ್ಲೋ ಇರುವ ಯಾವುದೋ ಒಂದು ವಸ್ತುವನ್ನು ಹುಡುಕುತ್ತದೆ. ಸಿಕ್ಕಿದ್ದಕ್ಕೆ ಏನರ್ಥ ಎನ್ನುವುದು ಆ ಮೈ ಹಿಂದೆ ಏನೇನು ಕಂಡಿದೆ, ಅಪ್ಪ-ಅಮ್ಮನಿಂದ ಏನು ಪಡೆದಿದೆ ಎಂಬುದರ ಮೇಲೆ ನಿಂತಿದೆ. ಕಾಲೇಜಿನಲ್ಲಿ ಇಮ್ಯುನಿಟಿ ಒಂದು ಪಾಠ, ರೋಗ ಪತ್ತೆ ಇನ್ನೊಂದು ಪಾಠ. ಊರಿನ ಆರೋಗ್ಯ ಕೇಂದ್ರದಲ್ಲಿ ಎರಡೂ ಒಂದೇ. ನಾವು ಬಳಸುವ ಟೆಸ್ಟ್‌ಗಳು, 'ನಾರ್ಮಲ್' ಎಂದು ವರದಿಯಲ್ಲಿ ಅಚ್ಚಾಗುವ ಅಂಕಿಗಳು, ಲಸಿಕೆಯ ಲೆಕ್ಕಾಚಾರಗಳು ಬಹುಪಾಲು ಯುರೋಪ್, ಅಮೆರಿಕದ ಮೈಗಳನ್ನು ನೋಡಿ ಮಾಡಿದವು. ತೊಡಕು ಶುರುವಾಗುವುದೇ ಅಲ್ಲಿ.

ಮೊದಲು ರೈತನ ರಕ್ತದ ವಿಷಯ. ದಡಾರ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಮಲೇರಿಯಾದ ಇಮ್ಯುನಿಟಿ ಆ ತರಹದ್ದಲ್ಲ. ಅದು ವರ್ಷಗಟ್ಟಲೆ ಸೊಳ್ಳೆ ಕಚ್ಚಿಸಿಕೊಂಡು, ಮತ್ತೆ ಮತ್ತೆ ಸೋಂಕು ತಗುಲಿ, ನಿಧಾನಕ್ಕೆ ಬರುವಂಥದ್ದು. ಬಂದ ಮೇಲೂ ಪರಾವಲಂಬಿಯನ್ನು ಪೂರ್ತಿ ಓಡಿಸುವುದಿಲ್ಲ, ಹದ್ದುಬಸ್ತಿನಲ್ಲಿ ಇಡುತ್ತದೆ. ಹೀಗೊಂದು ಶಕ್ತಿ ರಕ್ತದಲ್ಲಿ ನಿಜವಾಗಿ ಇದೆ ಎಂದು ತೋರಿಸಿದ ಪ್ರಯೋಗ ಗ್ಯಾಂಬಿಯಾದಲ್ಲಿ ನಡೆಯಿತು. ಇಯಾನ್ ಮ್ಯಾಕ್‌ಗ್ರೆಗರ್ ಮತ್ತು ಸಂಗಡಿಗರು ಅಲ್ಲಿನ ದೊಡ್ಡವರ ರಕ್ತದಿಂದ, ಸೋಂಕಿನ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಗಳನ್ನು ಬೇರ್ಪಡಿಸಿ, ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿ ಪರಾವಲಂಬಿಯ ಸಂಖ್ಯೆ ಬಿದ್ದುಹೋಯಿತು. 1961ರಲ್ಲಿ ಇದು ಪ್ರಕಟವಾಯಿತು. ಇವತ್ತಿನ ಎಷ್ಟೋ ಮಲೇರಿಯಾ ಲಸಿಕೆಗಳ ಆಸೆ ಚಿಗುರಿದ್ದು ಆ ಮಕ್ಕಳ ರಕ್ತದ ಲೆಕ್ಕದಿಂದ.

ಈ ಶಕ್ತಿಗೆ ತನ್ನದೇ ಆದ ವಿಚಿತ್ರ ನಡೆಗಳಿವೆ. ಹುಟ್ಟಿದ ಮಗುವಿಗೆ ಅಮ್ಮನ ಆಂಟಿಬಾಡಿಗಳು ಮೊದಲ ಕೆಲವು ತಿಂಗಳು ಕಾವಲಿರುತ್ತವೆ. ಅವು ಕರಗಿದ ಮೇಲೆ, ತನ್ನದೇ ಶಕ್ತಿ ಬೆಳೆಯುವ ಮೊದಲಿನ ವರ್ಷಗಳೇ ಅಪಾಯದ ಕಾಲ. 2023ರಲ್ಲಿ ಜಗತ್ತಿನಲ್ಲಿ ಸುಮಾರು 5,97,000 ಜನ ಮಲೇರಿಯಾದಿಂದ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 95% ಆಫ್ರಿಕಾ ವಲಯದಲ್ಲಿ. ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷ ತುಂಬದ ಮಕ್ಕಳು. ಇನ್ನು ಗರ್ಭಿಣಿಯರು. ಇಪ್ಪತ್ತು ವರ್ಷ ಮಲೇರಿಯಾವನ್ನು ತಡೆದುಕೊಂಡ ಹೆಣ್ಣುಮಗಳು ಮೊದಲ ಬಸಿರಿನಲ್ಲಿ ಮತ್ತೆ ಕಾಯಿಲೆ ಬೀಳುತ್ತಾಳೆ. ಯಾಕೆ ಎಂಬುದನ್ನು 1996ರಲ್ಲಿ ಕೆನ್ಯಾದ ಕೆಲಸದಿಂದ ಮಿಹಾಲ್ ಫ್ರೈಡ್ ಮತ್ತು ಪ್ಯಾಟ್ರಿಕ್ ಡಫಿ ಬಿಡಿಸಿ ಹೇಳಿದರು. ಗರ್ಭದ ಮಾಸಿನಲ್ಲಿ (ಪ್ಲಾಸೆಂಟಾ) ಇರುವ ಒಂದು ವಸ್ತುವಿಗೆ ಅಂಟಿಕೊಳ್ಳಬಲ್ಲ ಪರಾವಲಂಬಿಗಳು ಅಲ್ಲಿ ಹೋಗಿ ಕೂರುತ್ತವೆ. ಮಾಸೇ ಇಲ್ಲದ ದಿನಗಳಲ್ಲಿ ಮೈ ಅವುಗಳ ಆ ರೂಪವನ್ನು ಕಂಡಿರುವುದಿಲ್ಲ. ಎರಡನೇ, ಮೂರನೇ ಬಸಿರಿನ ಹೊತ್ತಿಗೆ ಅದಕ್ಕೂ ಆಂಟಿಬಾಡಿ ತಯಾರಾಗುತ್ತದೆ. ಊರು ಬಿಟ್ಟು ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗಿ ನೆಲೆಸಿದವರು ಕೆಲವು ವರ್ಷ ಕಳೆದು ಅಜ್ಜಿಯನ್ನು ನೋಡಲು ಬಂದಾಗ ಮಲೇರಿಯಾದಿಂದ ಮಲಗುವುದೂ ಉಂಟು. ಸೊಳ್ಳೆ ಕಚ್ಚುವುದು ನಿಂತರೆ ಈ ಶಕ್ತಿ ಮಾಸುತ್ತಾ ಹೋಗುತ್ತದೆ.

ಈಗ ಜ್ವರದ ಕಡೆ ನೋಡೋಣ. ಬಹಳ ವರ್ಷ ಆಫ್ರಿಕಾದ ಹಳ್ಳಿಗಳಲ್ಲಿ ಜ್ವರ ಅಂದರೆ ಮಲೇರಿಯಾ, ಮಲೇರಿಯಾ ಅಂದರೆ ಮಾತ್ರೆ. ಟೆಸ್ಟ್ ಮಾಡಿಯೇ ಮಾತ್ರೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಸಿನವರಿಗೂ ಅನ್ವಯಿಸಿ ಹೇಳಿದ್ದು 2010ರಲ್ಲಿ. ಕಿಟ್‌ಗಳು ಬಂದವು. ಜ್ವರದ ಹಿಂದೆ ನಿಜಕ್ಕೂ ಏನಿದೆ ಎಂಬ ಕುತೂಹಲವೂ ಬಂತು. ತಾಂಜಾನಿಯಾದ ದಾರ್ ಎಸ್ ಸಲಾಮ್ ಮತ್ತು ಇಫಾಕಾರಾದಲ್ಲಿ ಹತ್ತು ವರ್ಷದೊಳಗಿನ 1005 ಮಕ್ಕಳ ಜ್ವರವನ್ನು ಬಿಡದೆ ತಪಾಸಣೆ ಮಾಡಿದರು. 2014ರಲ್ಲಿ ಬಂದ ಫಲಿತಾಂಶ ನೋಡಿ ಎಷ್ಟೋ ಜನ ಬೆರಗಾದರು. ಮಲೇರಿಯಾ ಇದ್ದದ್ದು ಸುಮಾರು ಹತ್ತರಲ್ಲಿ ಒಂದು ಮಗುವಿಗೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಇದ್ದದ್ದು ಉಸಿರಾಟದ ಸೋಂಕು, ಅದರಲ್ಲೂ ಬಹುಪಾಲು ವೈರಸ್ಸಿನದು.

ಅಲ್ಲಿಂದ ಇನ್ನೊಂದು ತೊಂದರೆ ಹುಟ್ಟಿತು. ಕಿಟ್ ನೆಗೆಟಿವ್ ಬಂದರೆ ನರ್ಸ್ ಏನು ಮಾಡಬೇಕು? ಎದುರಿಗೆ ಸುಡುತ್ತಿರುವ ಮಗು, ನಾಲ್ಕು ಮೈಲಿ ನಡೆದು ಬಂದ ತಾಯಿ. ಬರಿಗೈಯಲ್ಲಿ ಕಳಿಸಲು ಮನಸ್ಸು ಬರುವುದಿಲ್ಲ. ಆಂಟಿಬಯಾಟಿಕ್ ಬರೆದರು. ಕಿಟ್ ಬಂದ ಕಡೆಯೆಲ್ಲ ಮಲೇರಿಯಾ ಮಾತ್ರೆ ಇಳಿದು ಆಂಟಿಬಯಾಟಿಕ್ ಏರಿದ್ದನ್ನು ಹಲವು ದೇಶಗಳ ಅಧ್ಯಯನಗಳು ಒಟ್ಟಿಗೆ ತೋರಿಸಿದವು. ಮಲೇರಿಯಾ ಇಲ್ಲ ಎಂದು ಹೇಳುವ ಟೆಸ್ಟ್ ಇತ್ತು, ಮತ್ತೇನಿದೆ ಎಂದು ಹೇಳುವ ಟೆಸ್ಟ್ ಇರಲಿಲ್ಲ.

ನಮಗೂ ಇದು ಹೊಸದಲ್ಲ, ಅಲ್ವಾ? ನಮ್ಮ ಕಡೆ ಮೂರು ದಿನ ಜ್ವರ ಬಿಡದಿದ್ದರೆ ಲ್ಯಾಬ್‌ನಲ್ಲಿ ಟೈಫಾಯ್ಡ್ ಹುಡುಕುವ ವಿಡಾಲ್ ಟೆಸ್ಟ್ ಮಾಡಿಸುತ್ತಾರೆ. 1896ರ ಟೆಸ್ಟ್ ಅದು. ನನಗೂ ಒಮ್ಮೆ ಹಾಗೆ 'ಟೈಫಾಯ್ಡ್' ಬಂದಿತ್ತು, ವರದಿಯ ಮೇಲೆ. ಎರಡು ದಿನ ಬಿಟ್ಟು ಡೆಂಗಿ ಎಂದು ಗೊತ್ತಾಯಿತು. ಟೈಫಾಯ್ಡ್ ಓಡಾಡುವ ಊರಲ್ಲಿ ಆರೋಗ್ಯವಾಗಿರುವವರ ರಕ್ತದಲ್ಲೂ ಹಳೆಯ ಆಂಟಿಬಾಡಿ ಇರುತ್ತದೆ, ವಿಡಾಲ್ ಅದನ್ನೂ ಹಿಡಿದು ತೋರಿಸುತ್ತದೆ. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಇವತ್ತಿಗೂ ಇದೇ ವಿಡಾಲ್, ಇದೇ ಗೊಂದಲ.

ಮಲೇರಿಯಾ ಕಿಟ್‌ಗೆ ಮರಳೋಣ. ಅದರ ಕಥೆಯಲ್ಲಿ ಒಂದು ತಿರುವು ಇದೆ. ಆಫ್ರಿಕಾದಲ್ಲಿ ಬಳಸುವ ಹೆಚ್ಚಿನ ಕಿಟ್‌ಗಳು ಹುಡುಕುವುದು ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾ ಪರಾವಲಂಬಿ ರಕ್ತಕ್ಕೆ ಬಿಡುವ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು. ಹೇರಳವಾಗಿ ಸಿಗುತ್ತದೆ, ಹಿಡಿಯುವುದು ಸುಲಭ. ಎಷ್ಟು ಹೇರಳ ಅಂದರೆ ಕಾಯಿಲೆ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿದು ಕಿಟ್‌ನಲ್ಲಿ ಗೆರೆ ಮೂಡಿಸುತ್ತದೆ. ಆದರೆ ಈ ಪ್ರೋಟೀನ್ ಇಲ್ಲದೆಯೂ ಪರಾವಲಂಬಿ ಬದುಕಬಲ್ಲದು. ಅದನ್ನು ಮಾಡುವ ಜೀನನ್ನೇ ಕಳೆದುಕೊಂಡ ಪರಾವಲಂಬಿಗಳು 2010ರಲ್ಲಿ ಪೆರು ದೇಶದ ಅಮೆಜಾನ್ ಭಾಗದಲ್ಲಿ ಕಂಡವು. ಕೆಲವು ವರ್ಷದಲ್ಲೇ ಎರಿಟ್ರಿಯಾದ ಆಸ್ಪತ್ರೆಗಳಲ್ಲಿ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಎದ್ದು ಕಾಣುತ್ತಿದ್ದರೂ ಕಿಟ್ ಮಾತ್ರ ನೆಗೆಟಿವ್ ಎನ್ನತೊಡಗಿತು. 2016ರಲ್ಲಿ ಆ ದೇಶ ಕಿಟ್‌ಗಳನ್ನೇ ಬದಲಾಯಿಸಬೇಕಾಯಿತು. ಆಮೇಲೆ ಇಥಿಯೋಪಿಯಾ, ಜಿಬೂಟಿ.

ಯಾಕೆ ಅಲ್ಲೇ, ಕಾಂಗೊದಂಥ ಮಲೇರಿಯಾ ತುಂಬಿದ ದೇಶದಲ್ಲಿ ಯಾಕೆ ಮೊದಲು ಆಗಲಿಲ್ಲ? ಉತ್ತರ ಮತ್ತೆ ಇಮ್ಯುನಿಟಿಯ ಕಡೆಗೇ ಕರೆದೊಯ್ಯುತ್ತದೆ. ಮಲೇರಿಯಾ ಕಡಿಮೆ ಇರುವ ಎರಿಟ್ರಿಯಾದಂಥ ಕಡೆ ಜನರಿಗೆ ಅದನ್ನು ತಡೆಯುವ ಶಕ್ತಿ ಕಡಿಮೆ. ಸೋಂಕು ತಗುಲಿದವರು ಕಾಯಿಲೆ ಬೀಳುತ್ತಾರೆ, ಆಸ್ಪತ್ರೆಗೆ ಬರುತ್ತಾರೆ, ಕಿಟ್ ಹಿಡಿಯುತ್ತದೆ, ಮಾತ್ರೆ ಪರಾವಲಂಬಿಯನ್ನು ಕೊಲ್ಲುತ್ತದೆ. ಕಿಟ್‌ನ ಕಣ್ಣಿಗೆ ಬೀಳದವು ಮಾತ್ರ ಬದುಕುತ್ತವೆ, ಅವುಗಳ ಸಂತತಿಯೇ ಹೆಚ್ಚುತ್ತದೆ. ಮಲೇರಿಯಾ ಜಾಸ್ತಿ ಇರುವ ಕಡೆ ನಮ್ಮ ರೈತನಂಥವರು ಲಕ್ಷಾಂತರ. ಅವರು ಟೆಸ್ಟ್‌ಗೇ ಬರುವುದಿಲ್ಲ. ಹಾಗಾಗಿ ಅಲ್ಲಿ ಕಿಟ್‌ನಿಂದ ತಪ್ಪಿಸಿಕೊಳ್ಳುವುದರಿಂದ ಪರಾವಲಂಬಿಗೆ ಅಂಥ ಲಾಭವಿಲ್ಲ. ಅದೂ ಅಲ್ಲದೆ ಒಬ್ಬರ ಮೈಯಲ್ಲೇ ಮೂರು ನಾಲ್ಕು ತಳಿ ಇರುತ್ತವೆ, ಒಂದು ಬಚ್ಚಿಟ್ಟುಕೊಂಡರೂ ಇನ್ನೊಂದು ಸಿಕ್ಕಿಬೀಳುತ್ತದೆ. ಮಲೇರಿಯಾವನ್ನು ನಾವು ಗೆಲ್ಲುತ್ತಾ ಹೋದಷ್ಟೂ ಈ ಕಿಟ್ ಸೋಲುವ ಸಾಧ್ಯತೆ ಜಾಸ್ತಿ ಎಂದಾಯಿತು. ಒಂದು ದೇಶದಲ್ಲಿ ಹೀಗೆ ತಪ್ಪಿಹೋಗುವ ಪ್ರಕರಣ 5% ದಾಟಿದರೆ ಕಿಟ್ ಬದಲಿಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬದಲಿಗೆ ಸಿಗುವ ಕಿಟ್‌ಗಳು ಬೇರೆ ಪ್ರೋಟೀನನ್ನು ಹುಡುಕುತ್ತವೆ, ಅಷ್ಟು ಚುರುಕಲ್ಲ.

ಇಲ್ಲಿಯವರೆಗೆ ಹೇಳಿದ್ದು ಬದುಕಿನಲ್ಲಿ ಗಳಿಸಿದ ಶಕ್ತಿ. ಹುಟ್ಟುವಾಗಲೇ ತಂದದ್ದೂ ಇದೆ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಕಾಯಿಲೆಯ ಕಥೆ ಹೆಚ್ಚಿನವರಿಗೆ ಗೊತ್ತಿರುತ್ತದೆ. ಕೆನ್ಯಾದಲ್ಲಿ ಬೆಳೆದ ಆಂಥೊನಿ ಆಲಿಸನ್ 1954ರಲ್ಲಿ ಬರೆದ ಪ್ರಬಂಧದಲ್ಲಿ, ಸಿಕಲ್ ಸೆಲ್ ಜೀನಿನ ಒಂದೇ ಪ್ರತಿ ಇರುವವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು ತೋರಿಸಿದ. ಲುವೊ ಜನಾಂಗದ 30 ಗಂಡಸರಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ನೋಡಿದ್ದ. ಜೀನ್ ಇಲ್ಲದ 15 ಜನರಲ್ಲಿ 14 ಜನರಿಗೆ ಸೋಂಕು ಬಂತು, ಇದ್ದ 15ರಲ್ಲಿ ಇಬ್ಬರಿಗೆ ಮಾತ್ರ. ಎರಡೂ ಪ್ರತಿ ಬಂದ ಮಗುವಿಗೆ ಮಾತ್ರ ಬದುಕೆಲ್ಲ ನೋವು. ಹೆಚ್ಚು ಕಡಿಮೆ ಅದೇ ಹೊತ್ತಿನಲ್ಲಿ, 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲೂ ಇದೇ ಸಿಕಲ್ ಸೆಲ್ ಪತ್ತೆಯಾಗಿತ್ತು. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲಿ ಈಗ ನಡೆಯುತ್ತಿರುವ ಸಿಕಲ್ ಸೆಲ್ ತಪಾಸಣೆ 2023ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಭಾಗ.

ಸಿಕಲ್ ಸೆಲ್ ಒಂದೇ ಅಲ್ಲ. ಕೆನ್ಯಾದ ಕರಾವಳಿಯ ಕಿಲಿಫಿಯಲ್ಲಿ ಡಾಂಟು ಎಂಬ ಅಪರೂಪದ ರಕ್ತದ ಗುಂಪು ಸಾಕಷ್ಟು ಜನರಲ್ಲಿದೆ. ಅದರ ಜೀನಿನ ಎರಡೂ ಪ್ರತಿ ಇರುವ ಮಕ್ಕಳಿಗೆ ತೀವ್ರ ಮಲೇರಿಯಾ ಬರುವ ಸಾಧ್ಯತೆ ಸುಮಾರು 74% ಕಡಿಮೆ. ಯಾಕೆ ಎಂಬುದಕ್ಕೆ 2020ರಲ್ಲಿ ಸಿಲ್ವಿಯಾ ಕರಿಯುಕಿ ಮತ್ತು ಸಂಗಡಿಗರು ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಅವರ ಕೆಂಪು ಕಣದ ಪೊರೆ ತುಸು ಬಿಗಿ. ಚೆನ್ನಾಗಿ ಬಿಗಿದ ತಮಟೆಯ ಚರ್ಮದ ಹಾಗೆ. ಪರಾವಲಂಬಿ ತಳ್ಳಿ ಒಳಗೆ ನುಗ್ಗಲು ಆಗುವುದಿಲ್ಲ.

ಡಫಿಯ ವಿಷಯಕ್ಕೆ ಮಾತ್ರ ತುಸು ಹೆಚ್ಚು ಹೊತ್ತು ಕೊಡಬೇಕು. (ಗರ್ಭಿಣಿಯರ ಮಲೇರಿಯಾದ ಡಫಿಗೂ ಇದಕ್ಕೂ ಸಂಬಂಧವಿಲ್ಲ. 1950ರಲ್ಲಿ ಒಬ್ಬ ರೋಗಿಯ ಹೆಸರಿನಿಂದ ಬಂದ ರಕ್ತದ ಗುಂಪು ಇದು.) ನಮ್ಮ ಮಂಗಳೂರಿನಲ್ಲಿ ಜನರನ್ನು ಕಾಡುವ ಮಲೇರಿಯಾದಲ್ಲಿ ವೈವ್ಯಾಕ್ಸ್ ಜಾತಿಯದೇ ದೊಡ್ಡ ಪಾಲು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ವೈವ್ಯಾಕ್ಸ್ ಬಹಳ ವಿರಳ. ಕೆಂಪು ಕಣದ ಮೇಲಿನ ಡಫಿ ಎಂಬ ಗುರುತು ಅದಕ್ಕೆ ಬಾಗಿಲು, ಅಲ್ಲಿನ ಬಹುತೇಕ ಜನರ ಕಣಗಳಲ್ಲಿ ಆ ಬಾಗಿಲೇ ಇಲ್ಲ. 1970ರ ದಶಕದಲ್ಲಿ ಲೂಯಿಸ್ ಮಿಲ್ಲರ್ ಇದನ್ನು ಕಂಡುಹಿಡಿದಾಗ ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಂಡರು. ಮುಗಿಯಲಿಲ್ಲ. 2010ರಲ್ಲಿ ಮಡಗಾಸ್ಕರ್‌ನಿಂದ, ಆಮೇಲೆ ಇಥಿಯೋಪಿಯಾದಿಂದ, ಡಫಿ ಇಲ್ಲದವರಲ್ಲೂ ವೈವ್ಯಾಕ್ಸ್ ಸಿಕ್ಕ ವರದಿಗಳು ಬಂದವು. ಫಾಲ್ಸಿಪಾರಂ ಒಂದನ್ನೇ ಹುಡುಕುವ ಕಿಟ್ ಇಟ್ಟುಕೊಂಡರೆ ಅದು ಕಣ್ಣಿಗೇ ಬೀಳುವುದಿಲ್ಲ.

ಡಫಿ ಇಲ್ಲದಿರುವುದಕ್ಕೆ ಇನ್ನೊಂದು ಪರಿಣಾಮ ಇದೆ. ಅಂಥವರ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಲೆಕ್ಕ ಸಹಜವಾಗಿಯೇ ಕಡಿಮೆ. ಆರೋಗ್ಯ ಚೆನ್ನಾಗಿರುತ್ತದೆ, ಸೋಂಕೂ ಜಾಸ್ತಿ ಬರುವುದಿಲ್ಲ. ಲ್ಯಾಬ್ ವರದಿಯಲ್ಲಿ ಮಾತ್ರ ಎದುರಿಗೆ ಇಳಿಮುಖದ ಬಾಣದ ಗುರುತು. ಬಾಣ ಕಂಡ ವೈದ್ಯರು ಕ್ಯಾನ್ಸರ್ ಔಷಧಿಯ ಡೋಸ್ ಇಳಿಸುತ್ತಾರೆ, ಕೆಲವು ಮಾತ್ರೆಗಳನ್ನು ನಿಲ್ಲಿಸಿಬಿಡುತ್ತಾರೆ. ಲಸಿಕೆಯ ಪ್ರಯೋಗಕ್ಕೆ ಬಂದ ಸ್ವಯಂಸೇವಕರನ್ನು 'ನೀವು ಅನಾರೋಗ್ಯವಂತರು' ಎಂದು ವಾಪಸ್ ಕಳಿಸುತ್ತಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗದ 2000ಕ್ಕೂ ಹೆಚ್ಚು ಆರೋಗ್ಯವಂತರ ರಕ್ತ ನೋಡಿದರು. ಅಮೆರಿಕದ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೋಲಿಸಿದರೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ವರದಿಯಲ್ಲಿ ಏನಾದರೊಂದು 'ತೊಂದರೆ' ಇತ್ತು! ಪಟ್ಟಿಯೇ ಅವರದ್ದಲ್ಲ ಎಂದು ಹೇಳಲು ಆ ನೆಲದಲ್ಲೇ ರಕ್ತ ಅಳೆಯಬೇಕಾಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ಧಿಯರ ಪೂರ್ವಿಕರು ಆಫ್ರಿಕಾದವರು, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ 2011ರ ಜೀನ್ ಅಧ್ಯಯನವೂ ಅದನ್ನೇ ಹೇಳಿತು. ಅವರ ರಕ್ತದ ವರದಿ ಓದುವ ನಮ್ಮ ವೈದ್ಯರೂ ಬಾಣದ ಗುರುತು ಕಂಡಾಗ ಒಮ್ಮೆ ಡಫಿಯನ್ನು ನೆನೆಯುವುದು ಒಳ್ಳೆಯದು.

ಲಸಿಕೆಗಳೂ ಹೀಗೆಯೇ ಊರು ಬದಲಾದರೆ ನಡತೆ ಬದಲಿಸುತ್ತವೆ. ರೋಟಾವೈರಸ್ ಲಸಿಕೆ ದಕ್ಷಿಣ ಆಫ್ರಿಕಾದ ಕೂಸುಗಳಲ್ಲಿ ತೀವ್ರ ಭೇದಿಯನ್ನು 77% ತಡೆಯಿತು, ಮಲಾವಿಯಲ್ಲಿ 49% ಅಷ್ಟೇ. ಬಾಯಿಗೆ ಹಾಕುವ ಪೋಲಿಯೋ ಹನಿ ನಮ್ಮ ಮಕ್ಕಳಲ್ಲಿ ಪಶ್ಚಿಮದ ಮಕ್ಕಳಷ್ಟು ಹಿಡಿಯುತ್ತಿಲ್ಲ ಎಂದು ವೆಲ್ಲೂರಿನ ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಹೇಳಿದ್ದರು. ಕ್ಷಯದ ಬಿಸಿಜಿ ಬ್ರಿಟನ್ನಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮಲಾವಿಯ ಕರೋಂಗಾದಲ್ಲಿ ಕ್ಷಯಕ್ಕೆ ಏನೂ ಮಾಡದೆ ಕುಷ್ಠವನ್ನು ಅರ್ಧಕ್ಕರ್ಧ ತಡೆಯಿತು. ತಮಿಳುನಾಡಿನ ಚೆಂಗಲ್‌ಪಟ್ಟಿನ ದೊಡ್ಡ ಪ್ರಯೋಗದಲ್ಲೂ ಕ್ಷಯಕ್ಕೆ ಅದು ಕೈಕೊಟ್ಟಿತು. ಮಣ್ಣು ನೀರಿನಲ್ಲಿರುವ ಕ್ಷಯದ ದಾಯಾದಿ ಬ್ಯಾಕ್ಟೀರಿಯಾಗಳನ್ನು ಮೈ ಮೊದಲೇ ಕಂಡಿರುವುದು ಒಂದು ಕಾರಣ ಎಂಬ ವಾದ ಇದೆ.

ಹಾಗಿರುವಾಗ ಮಲೇರಿಯಾ ಲಸಿಕೆಯನ್ನು ಮಲೇರಿಯಾ ಇರುವ ಕಡೆಯೇ, ಆ ಮಕ್ಕಳಲ್ಲೇ ಪರೀಕ್ಷಿಸಿದ್ದು ಬರೀ ಅನುಕೂಲದ ಮಾತಲ್ಲ. ಆರ್‌ಟಿಎಸ್,ಎಸ್ ಲಸಿಕೆಯನ್ನು ಏಳು ದೇಶಗಳ 15,000ಕ್ಕೂ ಹೆಚ್ಚು ಮಕ್ಕಳಲ್ಲಿ ನೋಡಿದರು. 5ರಿಂದ 17 ತಿಂಗಳ ಮಕ್ಕಳಿಗೆ ನಾಲ್ಕು ಡೋಸ್ ಕೊಟ್ಟು ನಾಲ್ಕು ವರ್ಷ ಹಿಂಬಾಲಿಸಿದಾಗ ಮಲೇರಿಯಾ 36% ಕಡಿಮೆ. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಘಾನಾ, ಕೆನ್ಯಾ, ಮಲಾವಿಯಲ್ಲಿ 2019ರಿಂದ ನಡೆದ ಪ್ರಾಯೋಗಿಕ ಹಂಚಿಕೆಯಲ್ಲಿ ಲಸಿಕೆಯ ವಯಸ್ಸಿನ ಮಕ್ಕಳ ಸಾವು 13% ಇಳಿಯಿತು. ಬುರ್ಕಿನಾ ಫಾಸೊದ ನಾನೊರೊದಲ್ಲಿ ಹಾಲಿಡು ಟಿಂಟೊ ತಂಡ ಪರೀಕ್ಷಿಸಿದ ಆರ್21 ಲಸಿಕೆಗೆ 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಅದನ್ನು ತಯಾರಿಸುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಎರಡೂ ಲಸಿಕೆಗಳ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ, ಸೋಂಕಿನಿಂದ ಬರುವ ಇಮ್ಯುನಿಟಿ ಇಳಿಯುವ ಹಾಗೆಯೇ.

ಆಂಟಿಬಾಡಿ ಟೆಸ್ಟ್‌ಗಳ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1985ರ ಸುಮಾರಿಗೆ ಮೊದಲ ಎಚ್‌ಐವಿ ಟೆಸ್ಟ್‌ಗಳನ್ನು ಆಫ್ರಿಕಾದ ರಕ್ತದ ಮೇಲೆ ಹಾಕಿದಾಗ ಎಚ್‌ಐವಿ ಇಲ್ಲದವರೂ ಪಾಸಿಟಿವ್ ಬಂದರು. ಮಲೇರಿಯಾದಿಂದ ರಕ್ತದಲ್ಲಿ ತುಂಬಿದ್ದ ಆಂಟಿಬಾಡಿಗಳು ಟೆಸ್ಟ್‌ಗೆ ಅಂಟಿಕೊಂಡಿದ್ದವು. 35 ವರ್ಷ ಕಳೆದು ಕೋವಿಡ್ ಬಂದಾಗ, ಕೋವಿಡ್ ಹುಟ್ಟುವ ಮೊದಲೇ ನೈಜೀರಿಯಾದಂಥ ಕಡೆ ತೆಗೆದಿಟ್ಟಿದ್ದ ರಕ್ತದಲ್ಲೂ ಕೆಲವು ಟೆಸ್ಟ್‌ಗಳು 'ಕೋವಿಡ್ ಆಂಟಿಬಾಡಿ' ಕಂಡವು. ಅದೇ ತಪ್ಪು, ಅದೇ ಕಾರಣ. ಇನ್ನೊಂದು ಕಡೆ ಟೆಸ್ಟೇ ಇಲ್ಲದ ಕೊರತೆ. ಆಫ್ರಿಕಾದಲ್ಲಿ ಕೋವಿಡ್ ಸಾವು ಯಾಕೆ ಇಷ್ಟು ಕಡಿಮೆ ಎಂದು ಜಗತ್ತೆಲ್ಲ ಚರ್ಚೆ ನಡೆಯುತ್ತಿತ್ತು. ಜನ ಎಳೆಯ ವಯಸ್ಸಿನವರು ಎನ್ನುವುದು ನಿಜವೇ. ಆದರೆ 2020ರಲ್ಲಿ ಜಾಂಬಿಯಾದ ಲುಸಾಕಾದ ಶವಾಗಾರದಲ್ಲಿ 364 ಶವಗಳ ಮೂಗಿನ ದ್ರವ ಪರೀಕ್ಷಿಸಿದಾಗ 16ರಿಂದ 19% ಶವಗಳಲ್ಲಿ ವೈರಸ್ ಇತ್ತು. ಆಸ್ಪತ್ರೆಯ ಹೊರಗೆ ಸತ್ತವರಲ್ಲಿ ಒಬ್ಬರಿಗೂ ಬದುಕಿದ್ದಾಗ ಟೆಸ್ಟ್ ಆಗಿರಲಿಲ್ಲ. ಆ ವರದಿ ಓದಿದ ಮೇಲೆ 'ಅವರಿಗೆ ಇಮ್ಯುನಿಟಿ ಜಾಸ್ತಿ ಬಿಡಿ' ಎಂಬ ಮಾತನ್ನು ನಾನು ಸಲೀಸಾಗಿ ನಂಬುವುದಿಲ್ಲ.

ಆಫ್ರಿಕಾದ ಇಮ್ಯುನಿಟಿ ಜಗತ್ತಿಗೆ ಔಷಧಿಯನ್ನೂ ಕೊಟ್ಟಿದೆ. 1995ರಲ್ಲಿ ಕಾಂಗೊದ ಕಿಕ್ವಿಟ್‌ನಲ್ಲಿ ಎಬೋಲಾ ಬಂದಾಗ ಜಾನ್-ಜಾಕ್ ಮುಯೆಂಬೆ ಮತ್ತು ಸಂಗಡಿಗರು ಬದುಕುಳಿದವರ ರಕ್ತವನ್ನು 8 ರೋಗಿಗಳಿಗೆ ಕೊಟ್ಟರು, 7 ಜನ ಬದುಕಿದರು. ಆ ಹಾವಳಿಯಲ್ಲಿ ಬದುಕುಳಿದ ಒಬ್ಬರ ಮೈಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದಿದ್ದ ರಕ್ಷಣೆಯಿಂದಲೇ ಎಂಎಬಿ114 ಎಂಬ ಆಂಟಿಬಾಡಿ ಔಷಧಿ ಹುಟ್ಟಿತು. 2018-19ರಲ್ಲಿ ಕಾಂಗೊದಲ್ಲೇ, ಹಿಂಸಾಚಾರದ ನಡುವೆ ನಡೆದ ಪ್ರಯೋಗದಲ್ಲಿ ಅದು ಮತ್ತು ಇನ್ನೊಂದು ಔಷಧಿ ಗೆದ್ದವು. ಇವುಗಳ ದೊಡ್ಡ ಗಿರಾಕಿ ಅಮೆರಿಕ ಸರ್ಕಾರ, ತನ್ನ ತುರ್ತು ದಾಸ್ತಾನಿಗೆ.

ಕೊನೆಗೆ ಟಿಬಿ. ಇದು ನಮಗೆ ತೀರಾ ಹತ್ತಿರದ ವಿಷಯ, ಜಗತ್ತಿನ ಟಿಬಿ ರೋಗಿಗಳಲ್ಲಿ ಕಾಲು ಭಾಗ ಭಾರತದವರು. ಎಚ್‌ಐವಿ ಇರುವವರ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಎಷ್ಟೋ ಸಲ ಸಿಗುವುದೇ ಇಲ್ಲ, ಚರ್ಮದ ಮಾಂಟೋ ಟೆಸ್ಟೂ ಉಬ್ಬುವುದಿಲ್ಲ. ಮೈಯ ಪ್ರತಿಕ್ರಿಯೆಯನ್ನು ನಂಬಿದ ಟೆಸ್ಟ್, ಪ್ರತಿಕ್ರಿಯೆ ಸತ್ತಾಗ ತಾನೂ ಸುಮ್ಮನಾಗುತ್ತದೆ. ದಕ್ಷಿಣ ಆಫ್ರಿಕಾ, ಮಲಾವಿಯಲ್ಲಿ ಅಂಥ ರೋಗಿಗಳ ಮೂತ್ರದಲ್ಲಿ ಬ್ಯಾಕ್ಟೀರಿಯಾದ ಹೊರಪೊರೆಯ ಚೂರನ್ನು ಹುಡುಕುವ ಅಗ್ಗದ ಪಟ್ಟಿ ಕೆಲಸಕ್ಕೆ ಬಂತು. ರೋಗಿಯ ಶಕ್ತಿ ಕುಗ್ಗಿದಷ್ಟೂ ಈ ಟೆಸ್ಟ್ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ಬ್ಯಾಟರಿಯಲ್ಲಿ ನಡೆಯುವ ಟ್ರೂನ್ಯಾಟ್ ಯಂತ್ರವೂ ಈಗ ನೈಜೀರಿಯಾದ ಕ್ಲಿನಿಕ್‌ಗಳಲ್ಲಿ ಟಿಬಿ ಹುಡುಕುತ್ತಿದೆ.

ಉಗಾಂಡಾದ ಕಂಪಾಲಾದಿಂದ ಬಂದ ಕಥೆ ಇದರ ಉಲ್ಟಾ. ಮನೆಯಲ್ಲಿ ಟಿಬಿ ರೋಗಿಯ ಜೊತೆ ಮಲಗಿ ಎದ್ದವರಲ್ಲಿ ಕೆಲವರು ವರ್ಷಗಟ್ಟಲೆ ಎಲ್ಲ ಟೆಸ್ಟ್‌ನಲ್ಲೂ ನೆಗೆಟಿವ್. ಸೋಂಕೇ ತಗುಲಿಲ್ಲ ಎಂದುಕೊಂಡಿದ್ದರು. 2019ರಲ್ಲಿ ಅವರ ರಕ್ತವನ್ನು ಬೇರೆ ಬಗೆಯಲ್ಲಿ ನೋಡಿದಾಗ ಕ್ಷಯದ ವಿರುದ್ಧ ಆಂಟಿಬಾಡಿಗಳು, ಟಿ ಕಣಗಳು ಎಂಬ ಕಾವಲಿನ ಬಿಳಿ ಕಣಗಳು ಎಲ್ಲ ಇದ್ದವು. ಮಾಮೂಲಿ ರಕ್ತದ ಟೆಸ್ಟ್ ಅಳೆಯುವ ಇಂಟರ್‌ಫೆರಾನ್ ಗಾಮಾ ಎಂಬ ಒಂದು ವಸ್ತುವನ್ನು ಮಾತ್ರ ಅವರ ಕಣಗಳು ಬಿಡುತ್ತಿರಲಿಲ್ಲ. ಅವರ ಮೈ ಕ್ಷಯವನ್ನು ಕಂಡಿತ್ತು, ಬೇರೆ ದಾರಿಯಲ್ಲಿ ಎದುರಿಸಿತ್ತು.

ಇಂಥ ಕೆಲಸಕ್ಕೆಲ್ಲ ವರ್ಷಗಟ್ಟಲೆ ಒಂದೇ ಊರಿನ ಜನರ ಜೊತೆಗಿರಬೇಕು. ರಕ್ತದ ಮಾದರಿ ವಿಮಾನ ಹತ್ತಿ ಹೊರದೇಶಕ್ಕೆ ಹೋಗಿ, ಪ್ರಬಂಧದಲ್ಲಿ ಊರಿನವರ ಹೆಸರೇ ಇಲ್ಲದ ಕಾಲ ಮೆಲ್ಲಗೆ ಬದಲಾಗುತ್ತಿತ್ತು. ಅಷ್ಟರಲ್ಲಿ ದುಡ್ಡಿನ ಕೈ ಬಿಗಿಯಾಯಿತು. ದಕ್ಷಿಣ ಆಫ್ರಿಕಾದ ಗ್ಲೆಂಡಾ ಗ್ರೇ ಮುಂದಾಳತ್ವದಲ್ಲಿ ಎಂಟು ದೇಶಗಳ ವಿಜ್ಞಾನಿಗಳು ಸೇರಿ ಎಚ್‌ಐವಿ ಲಸಿಕೆಯ ಪ್ರಯೋಗಕ್ಕೆ ಸಜ್ಜಾಗಿದ್ದರು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವು ನಿಲ್ಲಿಸಿದಾಗ ಅದು ಶುರುವಾಗುವ ಹೊಸ್ತಿಲಲ್ಲೇ ನಿಂತಿತು.

ಬೇರೆ ದುಡ್ಡಿನಿಂದ ನಡೆಯುತ್ತಿರುವ ಎಂ72 ಎಂಬ ಟಿಬಿ ಲಸಿಕೆಯ ಪ್ರಯೋಗ ಮಾತ್ರ ಮುಂದುವರಿದಿದೆ. ಹಿಂದಿನ ಹಂತದಲ್ಲಿ ಕೆನ್ಯಾ, ಜಾಂಬಿಯಾ, ದಕ್ಷಿಣ ಆಫ್ರಿಕಾದಲ್ಲಿ ಅದು ಸೋಂಕಿತರಲ್ಲಿ ಕಾಯಿಲೆಯನ್ನು ಸುಮಾರು ಅರ್ಧದಷ್ಟು ತಡೆದಿತ್ತು. 2024ರ ಮಾರ್ಚ್‌ನಲ್ಲಿ ಶುರುವಾದ ಈ ಹಂತದಲ್ಲಿ ಐದು ದೇಶಗಳ ಸುಮಾರು 20,000 ಜನ ಇದ್ದಾರೆ. ಅವರಲ್ಲಿ ಬಹುಪಾಲು ಜನರನ್ನು ಆರಿಸಿದ್ದು ಕಂಪಾಲಾದವರನ್ನು ಗುರುತಿಸದೇ ಹೋದ ಅದೇ ಇಂಟರ್‌ಫೆರಾನ್ ಟೆಸ್ಟ್‌ನಿಂದ. ಈಗ ಕಾಯುವ ಕೆಲಸ. ಆ 20,000 ಜನರಲ್ಲಿ ಲೆಕ್ಕಕ್ಕೆ ಸಾಕಾಗುವಷ್ಟು ಜನರಿಗೆ ಟಿಬಿ ಬರುವ ತನಕ ಲಸಿಕೆ ಗೆದ್ದಿತೋ ಸೋತಿತೋ ಗೊತ್ತಾಗುವುದಿಲ್ಲ.